ಕನ್ನಡ ವಾಙ್ಮಯದಲ್ಲಿ ವಿಪಣಿವರ್ಣನೆ

ಮಹಾಕಾವ್ಯಕ್ಕೆ ಅಂಗವಾದ ವರ್ಣನೆಗಳನ್ನು ಎಣಿಸುವಾಗ ದಂಡಿಯು ತನ್ನ ಕಾವ್ಯಾದರ್ಶದಲ್ಲಿ ನಗರವನ್ನೇ ಮೊದಲು ಹೇಳಿರುವನು. ಕನ್ನಡದ ಪ್ರಾಚೀನ ಕವಿಗಳು ಈ ವಿಧಿಯನ್ನು ಶ್ರದ್ಧೆಯಿಂದ ಪಾಲಿಸಿದರು. ಅವರ ಪುರವರ್ಣನೆಗಳಲ್ಲಿ ಅಂಗಡಿಬೀದಿಗೂ ಸ್ಥಾನವುಂಟು. ಆದರೆ ಅಲ್ಲಿ ರಾಶಿಬಿದ್ದ ರತ್ನಗಳು ಸಮುದ್ರವನ್ನು ನಾಚಿಸುವುವೇ ಹೊರತು, ಅವುಗಳ ಬೆಲೆಯೇನು, ಮಾರಿದವರಾರು, ಕೊಂಡವರಾರು ಎಂಬುದು ಪ್ರಾಯಶಃ ತಿಳಿಯದು.

ಈ ಕೊರತೆಯ ಫಲವನ್ನು ವಿಜಯನಗರದ ವಿಷಯದಲ್ಲಿ ಸ್ಪಷ್ಟವಾಗಿ ಕಾಣಬಹುದು. 1443ರಲ್ಲಿ ಅಲ್ಲಿಗೆ ಬಂದ ಪಾರಸಿಕ ರಾಯಭಾರಿ ಅಬ್ದುರ್ ರಜಾಕನು, ಆ ಪುರದ ಜನರಿಗೆ ಗುಲಾಬಿಯು ಅನ್ನದಷ್ಟೇ ಅವಶ್ಯಕವಾಗಿತ್ತೆಂದೂ, ರತ್ನಪಡಿ ವ್ಯಾಪಾರಿಗಳು ಬಯಲಿನಲ್ಲೇ ಮುತ್ತುಮಾಣಿಕ್ಯಗಳನ್ನು ಮಾರುತ್ತಿದ್ದರೆಂದೂ ಬರೆದನು. ಸುಮಾರು 1520ರಲ್ಲಿ ಬಂದ ಪೋರ್ಚುಗೀಸ ದೊಮಿಂಗೊ ಪಾಯಸನು ನಗರವನ್ನು ರೋಮಿಗೆ ಹೋಲಿಸಿ, ಅಷ್ಟಕ್ಕೇ ನಿಲ್ಲದೆ, ಸಾಯಂಕಾಲದ ಸಂತೆಯ ಕುದುರೆ, ನಿಂಬೆ, ಕಿತ್ತಳೆ, ದ್ರಾಕ್ಷಿ, ಸೌದೆಗಳನ್ನು ಹೆಸರಿಸಿದನು. ಒಂದು ವರಾಹಕ್ಕೆ ಹನ್ನೆರಡು ಕುರಿ ಎಂದು ಧಾರಣೆಯನ್ನೂ ಹೇಳಿದನು. ಏಷ್ಯದ ಮೆಣಸು ಬಂದಿಳಿಯುತ್ತಿದ್ದ ಲಿಸ್ಬನ್ ರಾಜಧಾನಿಯನ್ನು ಕಂಡವರಿಗೆ ಬರಿಯ ಅತಿಶಯೋಕ್ತಿ ಸಾಲದಷ್ಟೆ!

ಕಾವ್ಯವೇನು ಧಾರಣೆಯ ಪಟ್ಟಿಯೇ ಎಂದು ರಸಿಕರು ಕೇಳಬಹುದು. ಆಕ್ಷೇಪವು ನ್ಯಾಯವಾದುದೇ. ಆದರೆ ರಸಕ್ಕೂ ವ್ಯಾಪಾರಕ್ಕೂ ವಿರೋಧವಿಲ್ಲವೆಂಬುದಕ್ಕೆ ಅದೇ ವಿಜಯನಗರದ ಕಾಲದ ಪುರಂದರದಾಸರೇ ಸಾಕ್ಷಿ. ಪೂರ್ವಾಶ್ರಮದಲ್ಲಿ ಅವರು ವರ್ತಕರಾಗಿದ್ದರೆಂದು ಸಂಪ್ರದಾಯವು ಹೇಳುವುದು. ಕಲ್ಲುಸಕ್ಕರೆಯ ಕೀರ್ತನೆಯಲ್ಲಿ ಅವರು ಹರಿನಾಮಕ್ಕೆ ಎತ್ತಿನ ಹೇರೂ ಗೋಣಿಯೂ ಸುಂಕವೂ ಇಲ್ಲವೆನ್ನುವರು. ಹೀಗೆ ಇಲ್ಲವೆನ್ನುವ ಬಾಯಿಂದಲೇ ಆ ಕಾಲದ ಪೇಟೆಯು ಹೇರುಗೋಣಿಗಳೊಡನೆ ಕಣ್ಣಮುಂದೆ ಬಂದು ನಿಲ್ಲುವುದು. ರತ್ನರಾಶಿಯ ಉತ್ಪ್ರೇಕ್ಷೆಗಳು ಮಾಡಲಾರದ ಕೆಲಸವನ್ನು ಒಂದು ಗೋಣಿಯು ಮಾಡಿತು.

1565ರಲ್ಲಿ ಆ ನಗರವು ಹಾಳಾಯಿತು. ಹಂಪೆಯ ವಿರೂಪಾಕ್ಷನ ಗುಡಿಯ ಮುಂದೆ ಕಲ್ಲಿನ ಸಾಲುಮಂಟಪಗಳು ಮಾತ್ರ ಉಳಿದುವು. 1900ರಲ್ಲಿ ಸೂಯಲ್ ಸಾಹೇಬನು ಪಾಯಸನ ಬರಹವನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದನು. ಕನ್ನಡಿಗನು ತನ್ನ ರಾಜಧಾನಿಯ ಪೇಟೆಬೀದಿಯನ್ನು ಪರಭಾಷೆಯ ಗದ್ಯದಿಂದ ಅರಿಯಬೇಕಾಗಿ ಬಂದುದು ಖೇದಕರವಲ್ಲವೆ?

ಅದೇ ದೇವರ ಹೆಸರನ್ನು ಹೊತ್ತ ಚನ್ನಪಟ್ಟಣದ ವಿರೂಪಾಕ್ಷಿಪುರದ ಸುತ್ತಲೂ ಇಂದು ವರ್ಣನೆಗೆ ವಸ್ತುವು ಬೇಕಾದಷ್ಟಿರುವುದು. ಚನ್ನಪಟ್ಟಣದಲ್ಲಿ ಅರಗಿನ ಬಣ್ಣದ ಬೊಂಬೆಗಳುಂಟು. ರಾಮನಗರದಲ್ಲಿ ರೇಷ್ಮೆಗೂಡಿನ ಮಾರುಕಟ್ಟೆಯುಂಟು. ಗೂಡನ್ನು ಮನೆಯಲ್ಲಿಟ್ಟು ಒಳ್ಳೆಯ ಬೆಲೆಗೆ ಕಾಯಲು ರೈತನಿಗೆ ಅವಕಾಶವಿಲ್ಲ. ತಡವಾದರೆ ಒಳಗಿನ ಹುಳುವು ಚಿಟ್ಟೆಯಾಗಿ ಗೂಡನ್ನು ತೂತುಮಾಡುವುದು. ಈ ಸಂಗತಿಯು ಕೊಳ್ಳುವವನಿಗೂ ಗೊತ್ತು. ಹರಾಜಿನ ಆ ಗಳಿಗೆಯಲ್ಲಿ ಒಂದು ಸಂಸಾರದ ತಿಂಗಳ ದುಡಿಮೆಯೇ ತೂಗುತ್ತಿರುವುದು. ಇದಕ್ಕಿಂತ ಹೆಚ್ಚಿನ ರಸವಸ್ತು ಯಾವುದು? ಆದುದರಿಂದ ತರುಣ ಲೇಖಕರು ಸಮುದ್ರವನ್ನು ನಾಚಿಸುವುದನ್ನು ಬಿಟ್ಟು, ಆ ಮಾರುಕಟ್ಟೆಯ ತೂಕವನ್ನೂ ಧಾರಣೆಯನ್ನೂ ಮಾತನ್ನೂ ಕಂಡಂತೆ ಕನ್ನಡದಲ್ಲಿ ಬರೆದಿಡುವುದು ಯುಕ್ತವು.