ರೇಬೀಸ್ ವೈರಸ್ ‘ಹೊಂದಿಕೊಳ್ಳುತ್ತದೆ’ ಎಂದರೇನು?

‘ರೇಬೀಸ್ ವೈರಸ್ ಒಂದು ಪ್ರಾಣಿಯಿಂದ ಇನ್ನೊಂದಕ್ಕೆ ದಾಟುವಾಗ, ಹೊಸ ಪ್ರಾಣಿಗೆ ತಕ್ಕಂತೆ ತನ್ನ ರೂಪವನ್ನು ಬದಲಿಸಿಕೊಳ್ಳುತ್ತದೆ.’ ಈ ವಾಕ್ಯವನ್ನು ನೀವು ತರಗತಿಯಲ್ಲಿ ಕೇಳಿರಬಹುದು ಅಥವಾ ಹೇಳಿರಬಹುದು. ನಾನೂ ಹೇಳಿದ್ದೇನೆ. ಕೇಳಲು ಸರಿಯಾಗಿಯೇ ಇದೆ. ಆದರೆ ಇದರಲ್ಲಿ ಎರಡು ತಪ್ಪುಗಳು ಅಡಗಿವೆ. ಬದಲಾವಣೆಯು ಹೊಸ ಪ್ರಾಣಿಯನ್ನು ಸೇರಿದ ಮೇಲೆ, ಅದರ ಅಗತ್ಯಕ್ಕಾಗಿಯೇ ಉಂಟಾಗುತ್ತದೆ ಎಂಬುದು ಒಂದು. ಬದಲಾವಣೆ ಎಂದರೆ ಹೊಂದಾಣಿಕೆಯೇ ಎಂಬುದು ಇನ್ನೊಂದು. ಕಳೆದ ಎರಡು ದಶಕಗಳ ಸಂಶೋಧನೆಯನ್ನು ಮುಂದಿಟ್ಟುಕೊಂಡು ಈ ವಾಕ್ಯವನ್ನು ಸ್ವಲ್ಪ ಪರೀಕ್ಷಿಸೋಣ.

ಮೊದಲು ವೈರಸ್ಸಿನ ಪರಿಚಯ. ಇದರ ಜೀನೋಮ್ ಆರ್‌ಎನ್‌ಎಯ ಒಂದೇ ಎಳೆ. ಸುಮಾರು 12,000 ನ್ಯೂಕ್ಲಿಯೋಟೈಡ್‌ಗಳಷ್ಟು ಉದ್ದ. ಅದರಲ್ಲಿರುವುದು ಐದೇ ಜೀನ್‌ಗಳು - ಎನ್, ಪಿ, ಎಂ, ಜಿ ಮತ್ತು ಎಲ್. ಪ್ರತಿ ಮಾಡುವ ಕಿಣ್ವಕ್ಕೆ ತಪ್ಪು ತಿದ್ದುವ ಸಾಮರ್ಥ್ಯವಿಲ್ಲ. ಆದ್ದರಿಂದ ಯಾವ ಪ್ರಾಣಿಯಲ್ಲಿದ್ದರೂ, ದಾಟಲಿ ಬಿಡಲಿ, ಉತ್ಪರಿವರ್ತನೆಗಳು ಆಗುತ್ತಲೇ ಇರುತ್ತವೆ. ನಾಯಿ ಮೂಲದ ವೈರಸ್‌ಗಳಲ್ಲಿ ಉಳಿದುಕೊಳ್ಳುವ ಬದಲಾವಣೆಗಳು ಇಡೀ ಜೀನೋಮಿಗೆ ವರ್ಷಕ್ಕೆ ಎರಡೋ ಮೂರೋ ಅಷ್ಟೆ. ಅವುಗಳಲ್ಲಿ ಬಹುಪಾಲು ಪ್ರೋಟೀನನ್ನು ಬದಲಿಸದ ಮೌನ ಬದಲಾವಣೆಗಳು. ಪ್ರೋಟೀನನ್ನು ಕೆಡಿಸುವಂಥವನ್ನು ನೈಸರ್ಗಿಕ ಆಯ್ಕೆ ಕಳೆ ಕೀಳುವಂತೆ ಕಿತ್ತುಹಾಕುತ್ತಿರುತ್ತದೆ. ಆಯ್ಕೆ ಎಂದೊಡನೆ ಹೊಸತನ್ನು ಎತ್ತಿಹಿಡಿಯುವ ಶಕ್ತಿ ಎಂದೇ ನಾವು ವಿವರಿಸುತ್ತೇವೆ; ರೇಬೀಸ್ ವೈರಸ್ಸಿನಲ್ಲಿ ಅದರ ಮುಖ್ಯ ಕೆಲಸ ಇದ್ದದ್ದನ್ನು ಇದ್ದಂತೆಯೇ ಕಾಯುವುದು.

ಈಗ ಒಂದು ಮುಖ್ಯ ಪ್ರಬಂಧಕ್ಕೆ ಬರೋಣ. ಡೇನಿಯಲ್ ಸ್ಟ್ರೈಕರ್ ಮತ್ತು ಸಂಗಡಿಗರು 2010ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ್ದು. ಉತ್ತರ ಅಮೆರಿಕದ 23 ಪ್ರಭೇದಗಳ ಬಾವಲಿಗಳಿಂದ ದೊರೆತ 372 ರೇಬೀಸ್ ವೈರಸ್‌ಗಳ ಜೀನ್ ಅನುಕ್ರಮವನ್ನು ಅವರು ಹೋಲಿಸಿದರು. ಬಾವಲಿಗಳಲ್ಲಿ ರೇಬೀಸ್ ಒಂದೇ ಹೊಳೆಯಾಗಿ ಹರಿಯುವುದಿಲ್ಲ. ಪ್ರಭೇದಕ್ಕೊಂದರಂತೆ ಬೇರೆ ಬೇರೆ ವಂಶಗಳಾಗಿ ಹರಿಯುತ್ತದೆ. ಒಂದು ವಂಶದ ವೈರಸ್ ಬೇರೆ ಪ್ರಭೇದದ ಬಾವಲಿಯಲ್ಲಿ ಕಂಡರೆ, ಅಲ್ಲಿ ದಾಟುವಿಕೆ ನಡೆದಿದೆ ಎಂದರ್ಥ. ಇಂಥ ದಾಟುವಿಕೆಗಳನ್ನು ಲೆಕ್ಕಹಾಕಿದಾಗ ಅವರಿಗೆ ಕಂಡದ್ದು ಇದು: ಎರಡು ಪ್ರಭೇದಗಳು ವಿಕಾಸದಲ್ಲಿ ಎಷ್ಟು ಹತ್ತಿರದ ಸಂಬಂಧಿಗಳೋ ದಾಟುವಿಕೆ ಅಷ್ಟು ಹೆಚ್ಚು. ಒಂದೇ ಪ್ರದೇಶದಲ್ಲಿ ವಾಸಿಸುವುದಕ್ಕಿಂತಲೂ ನಂಟಸ್ತನದ ಪ್ರಭಾವವೇ ಹೆಚ್ಚಾಗಿತ್ತು.

ಈ ಪ್ರಬಂಧ ನಮ್ಮ ವಾಕ್ಯದ ಬುಡಕ್ಕೇ ಪೆಟ್ಟು ಕೊಡುತ್ತದೆ. ವೈರಸ್ ಬಹುಬೇಗ ಬದಲಾಗಬಲ್ಲದು, ಆದ್ದರಿಂದ ಯಾವ ಪ್ರಾಣಿಗಾದರೂ ಒಗ್ಗಿಕೊಳ್ಳಬಲ್ಲದು ಎಂದು ನಾವು ಭಾವಿಸಿದ್ದೆವು. ಆದರೆ ಯಾರನ್ನು ಸೋಂಕಬೇಕು ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುತ್ತಿರುವುದು ವೈರಸ್ಸಿನ ಚುರುಕುತನವಲ್ಲ, ಆತಿಥೇಯ ಪ್ರಾಣಿಗಳ ವಂಶವೃಕ್ಷ. ನಾನು ಓದಿದ ಪ್ರಬಂಧಗಳಲ್ಲಿ ವಿಕಾಸದ ಪಾಠಕ್ಕೆ ಇಷ್ಟು ಒದಗಿಬರುವ ಉದಾಹರಣೆಗಳು ಕಡಿಮೆ.

ಹಾಗೆಂದು ಇದನ್ನು ಕಣ್ಣುಮುಚ್ಚಿ ಒಪ್ಪಬೇಕಿಲ್ಲ. ಮಾದರಿಗಳು ಎಲ್ಲಿಂದ ಬಂದವು ಎಂದು ಕೇಳಿ. ಅವು ಆರೋಗ್ಯ ಇಲಾಖೆಗಳ ಪರೀಕ್ಷೆಗೆ ಬಂದ ಬಾವಲಿಗಳು. ಅಂದರೆ ಮನುಷ್ಯರ ಅಥವಾ ಸಾಕುಪ್ರಾಣಿಗಳ ಕಣ್ಣಿಗೆ ಬಿದ್ದವು. ಮನೆಯ ಸೂರಿನಲ್ಲಿ ತಂಗುವ ಪ್ರಭೇದಗಳು ಇಂಥ ಸಂಗ್ರಹದಲ್ಲಿ ಹೆಚ್ಚಾಗಿ ಬರುತ್ತವೆ, ಕಾಡಿನ ಮರಗಳಲ್ಲಿ ತಂಗುವವು ಕಡಿಮೆ. ಇನ್ನೊಂದು ಆಕ್ಷೇಪ ಇದಕ್ಕಿಂತ ಗಂಭೀರ. ಹತ್ತಿರದ ಸಂಬಂಧಿಗಳಲ್ಲಿ ನರಕೋಶಗಳು, ರೋಗನಿರೋಧಕ ವ್ಯವಸ್ಥೆ ಒಂದೇ ತೆರನಾಗಿರುವುದು ನಿಜ. ಆದರೆ ಅವುಗಳ ನಡವಳಿಕೆಯೂ ಒಂದೇ ತೆರನಾಗಿರಬಹುದಲ್ಲವೇ? ಒಂದೇ ಬಿರುಕಿನಲ್ಲಿ ತಂಗಿ, ಒಂದನ್ನೊಂದು ಕಚ್ಚಿಕೊಳ್ಳುವ ಅವಕಾಶವೂ ಅವಕ್ಕೆ ಹೆಚ್ಚಿರಬಹುದು. ವಾಸದ ವ್ಯಾಪ್ತಿ, ತಂಗುವ ರೀತಿಗಳನ್ನು ಲೇಖಕರು ಪರಿಗಣಿಸಿದ್ದಾರೆ, ನಿಜ. ಆದರೆ ನಕ್ಷೆಯಲ್ಲಿ ಎರಡು ವ್ಯಾಪ್ತಿಗಳು ಒಂದರ ಮೇಲೊಂದು ಬರುವುದಕ್ಕೂ ಎರಡು ಬಾವಲಿಗಳು ಕಚ್ಚಾಡುವುದಕ್ಕೂ ಬಹಳ ಅಂತರವಿದೆ.

ನಿಯಮವನ್ನು ಮೀರಿದ ಘಟನೆಗಳೂ ಇವೆ. ಅಮೆರಿಕದ ಅರಿಜೋನಾ ರಾಜ್ಯದ ಫ್ಲಾಗ್‌ಸ್ಟಾಫ್ ಪಟ್ಟಣದಲ್ಲಿ 2001ರಲ್ಲಿ ಸ್ಕಂಕ್ ಎಂಬ ಪ್ರಾಣಿಗಳು ರೇಬೀಸ್‌ನಿಂದ ಸತ್ತವು. ಅವುಗಳಲ್ಲಿದ್ದದ್ದು ಬಾವಲಿಯ ವೈರಸ್! ಮುಂದಿನ ವರ್ಷಗಳಲ್ಲಿಯೂ ಅಲ್ಲಿ ಇಂಥ ದಾಟುವಿಕೆಗಳು ಕಂಡುಬಂದವು. ಬಾವಲಿಗೂ ಸ್ಕಂಕ್‌ಗೂ ಎಲ್ಲಿಯ ನಂಟು? ತೈವಾನ್‌ನದು ಇನ್ನೊಂದು ಕತೆ. 1961ರಿಂದ ರೇಬೀಸ್ ಮುಕ್ತವೆನಿಸಿದ್ದ ಆ ದ್ವೀಪದಲ್ಲಿ 2013ರಲ್ಲಿ ಫೆರೆಟ್ ಬ್ಯಾಜರ್ ಎಂಬ ಸಣ್ಣ ಮಾಂಸಾಹಾರಿಗಳಲ್ಲಿ ರೋಗ ಪತ್ತೆಯಾಯಿತು. ಅನುಕ್ರಮಗಳನ್ನು ನೋಡಿದರೆ ಆ ವೈರಸ್ ಅಲ್ಲಿ ಹೊಸದಾಗಿ ಬಂದದ್ದಾಗಿರಲಿಲ್ಲ. ಯಾರ ಕಣ್ಣಿಗೂ ಬೀಳದೆ ಬಹುಕಾಲದಿಂದ ಆ ಪ್ರಾಣಿಗಳಲ್ಲಿಯೇ ಸುತ್ತುತ್ತಿತ್ತು.

ಇಲ್ಲಿ ನಾವು ಎರಡು ಸಂಗತಿಗಳನ್ನು ಬೇರ್ಪಡಿಸಬೇಕು. ಹುಚ್ಚುನಾಯಿ ಕಚ್ಚಿದ ಹಸುವಿಗೂ ರೇಬೀಸ್ ಬರುತ್ತದೆ, ಮನುಷ್ಯನಿಗೂ ಬರುತ್ತದೆ. ಆದರೆ ಹಸುವಿನಿಂದ ಹಸುವಿಗೆ ಸರಪಳಿ ಮುಂದುವರಿಯುವುದಿಲ್ಲ. ಸೋಂಕುವುದು ಸುಲಭ, ನೆಲೆಯೂರುವುದು ಕಷ್ಟ. ನೆಲೆಯೂರಬೇಕಾದರೆ ವೈರಸ್ ಮೆದುಳಿನಿಂದ ಜೊಲ್ಲಿನ ಗ್ರಂಥಿಗೆ ಇಳಿಯಬೇಕು, ಸಾಯುವ ಮೊದಲು ಪ್ರಾಣಿ ಕಚ್ಚಬೇಕು, ಕಚ್ಚಿಸಿಕೊಳ್ಳಲು ಅದೇ ಜಾತಿಯ ಪ್ರಾಣಿಗಳು ಸಾಕಷ್ಟು ಇರಬೇಕು. ಇವುಗಳಲ್ಲಿ ಮೊದಲನೆಯದಕ್ಕೆ ಜೀನ್‌ಗಳು ಬೇಕಾದೀತು. ಉಳಿದೆರಡು ಬಹುಮಟ್ಟಿಗೆ ಪ್ರಾಣಿಯ ಸ್ವಭಾವ ಮತ್ತು ಸಂಖ್ಯೆಯ ಮಾತು. 2016ರಲ್ಲಿ ಟ್ರುಪ್ಯಾಂ ಮತ್ತು ಸಂಗಡಿಗರು 321 ಜೀನೋಮ್‌ಗಳನ್ನು ಹೋಲಿಸಿ, ನಾಯಿಯಿಂದ ಇತರ ಮಾಂಸಾಹಾರಿಗಳಿಗೆ ವೈರಸ್ ವಲಸೆ ಹೋದ ಬಗೆಯನ್ನು ನೋಡಿದರು. ಪ್ರತಿ ವಲಸೆಯಲ್ಲೂ ತಪ್ಪದೆ ಕಾಣುವ, ‘ಇಗೋ ಹೊಂದಾಣಿಕೆಯ ಗುರುತು’ ಎಂದು ಬೆರಳಿಟ್ಟು ತೋರಿಸುವಂಥ ಬದಲಾವಣೆಗಳ ಸಾಮಾನ್ಯ ಪಟ್ಟಿ ಅವರಿಗೆ ಸಿಗಲಿಲ್ಲ.

ಸ್ಟ್ರೈಕರ್ ತಂಡದ್ದೇ ಇನ್ನೊಂದು ಪ್ರಬಂಧ 2012ರಲ್ಲಿ ಬಂತು. ಬಾವಲಿಗಳ ವೈರಸ್ ವಂಶಗಳು ಬದಲಾಗುವ ವೇಗದಲ್ಲಿ 20 ಪಟ್ಟಿಗೂ ಹೆಚ್ಚಿನ ವ್ಯತ್ಯಾಸವಿದೆಯೆಂದೂ, ಉಷ್ಣವಲಯ ಮತ್ತು ಉಪೋಷ್ಣವಲಯದ ಬಾವಲಿಗಳಲ್ಲಿ ವೇಗವು ಸಮಶೀತೋಷ್ಣ ವಲಯದವುಗಳಿಗಿಂತ ಸುಮಾರು ನಾಲ್ಕು ಪಟ್ಟು ಎಂದೂ ಅದು ತೋರಿಸಿತು. ‘ಬಿಸಿನಾಡಿನ ವೈರಸ್ ಹೆಚ್ಚು ಅಪಾಯಕಾರಿ’ ಎಂದು ಇದನ್ನು ಓದಿಕೊಂಡರೆ ಪೂರ್ತಿ ತಪ್ಪು. ಅಲ್ಲಿ ಅಳೆದದ್ದು ಕೋಡಾನಿನ ಮೂರನೆಯ ಸ್ಥಾನದ ಬದಲಾವಣೆಗಳನ್ನು, ಅಂದರೆ ಹೆಚ್ಚಾಗಿ ಮೌನವಾದವನ್ನು. ಚಳಿನಾಡಿನ ಬಾವಲಿ ಚಳಿಗಾಲವಿಡೀ ಶಿಶಿರನಿದ್ರೆಯಲ್ಲಿರುತ್ತದೆ. ಆಗ ಸೋಂಕಿನ ಸರಪಳಿಯೂ ಮಲಗುತ್ತದೆ. ಬಿಸಿನಾಡಿನಲ್ಲಿ ವರ್ಷವಿಡೀ ಸರಪಳಿ ಓಡುತ್ತದೆ. ವರ್ಷಕ್ಕೆ ಹೆಚ್ಚು ಪೀಳಿಗೆಗಳಾದರೆ ಹೆಚ್ಚು ತಪ್ಪುಗಳು ಸೇರುತ್ತವೆ, ಅಷ್ಟೆ. ಹೆಚ್ಚು ಓಡಿದ ಸೈಕಲ್ಲಿನ ಟೈರು ಹೆಚ್ಚು ಸವೆದಂತೆ.

ಹಾಗಾದರೆ ನಿಜವಾದ ಹೊಂದಾಣಿಕೆ ಎಲ್ಲಿಯೂ ಇಲ್ಲವೇ? ಇದೆ. ಅದರ ಅತ್ಯಂತ ಸ್ಪಷ್ಟ ಉದಾಹರಣೆ ಜೀವವಿಕಾಸದ ಪಾಠದಲ್ಲಲ್ಲ, ಲಸಿಕೆಯ ಪಾಠದಲ್ಲಿ ಕುಳಿತಿದೆ. ಲೂಯಿ ಪಾಶ್ಚರ್ 1880ರ ದಶಕದಲ್ಲಿ ಹುಚ್ಚುನಾಯಿಯ ವೈರಸ್ಸನ್ನು ಮೊಲದ ಮೆದುಳಿನಿಂದ ಮೊಲದ ಮೆದುಳಿಗೆ ದಾಟಿಸುತ್ತ ಹೋದ. ಮೊದಲು ಸುಮಾರು 15 ದಿನವಿದ್ದ ರೋಗದ ಅಡಗು ಅವಧಿ ಕ್ರಮೇಣ ಇಳಿದು 7 ದಿನಕ್ಕೆ ನಿಂತುಬಿಟ್ಟಿತು. ಇದನ್ನೇ ‘ಸ್ಥಿರ ವೈರಸ್’ ಎಂದದ್ದು. ಮೆದುಳಿನಲ್ಲಿ ಬೇಗ ಬೆಳೆದವು ಮಾತ್ರ ಮುಂದಿನ ಮೊಲಕ್ಕೆ ಹೋದವು. ಜೊಲ್ಲಿಗೆ ಇಳಿಯುವ ಅಗತ್ಯವೇ ಉಳಿಯಲಿಲ್ಲ. ಆಯ್ಕೆ ಮಾಡಿದ್ದು ಪಾಶ್ಚರನ ಸೂಜಿ. 1885ರಲ್ಲಿ ಜೋಸೆಫ್ ಮೈಸ್ಟರ್ ಎಂಬ ಬಾಲಕನಿಗೆ ಕೊಟ್ಟ ಲಸಿಕೆ ಇಂಥ ಮೊಲಗಳ ಒಣಗಿಸಿದ ಬೆನ್ನುಹುರಿಯಿಂದಲೇ ತಯಾರಾದದ್ದು. ನಮ್ಮ ಪುಸ್ತಕಗಳು ಈ ಎರಡು ಪಾಠಗಳನ್ನು ಬೇರೆ ಬೇರೆ ಅಧ್ಯಾಯಗಳಲ್ಲಿ ಇಟ್ಟಿರುವುದು ನನಗೆ ದೊಡ್ಡ ನಷ್ಟವೆನಿಸುತ್ತದೆ.

ಇದೆಲ್ಲ ಬರಿಯ ಪದಗಳ ತಕರಾರು ಎನ್ನುತ್ತೀರಾ? ‘ವೈರಸ್ ಪ್ರತಿ ಪ್ರಾಣಿಯಲ್ಲೂ ರೂಪ ಬದಲಿಸುತ್ತದೆ’ ಎಂದು ಕಲಿತ ಹುಡುಗ, ಮುಂಗುಸಿಯೋ ಬೆಕ್ಕೋ ಕಚ್ಚಿದಾಗ ‘ಇದು ಬೇರೆ ವೈರಸ್, ನಾಯಿಯ ಚುಚ್ಚುಮದ್ದು ಇದಕ್ಕೆ ನಾಟದು’ ಎಂದುಕೊಂಡರೆ ತಪ್ಪು ಯಾರದು? ನಾಯಿ, ನರಿ, ಬೆಕ್ಕು, ಮುಂಗುಸಿ ಯಾವುದರಿಂದ ಬಂದರೂ ರೇಬೀಸ್ ವೈರಸ್ಸಿನ ಜಿ ಪ್ರೋಟೀನು ಎಷ್ಟು ಕಡಿಮೆ ಬದಲಾಗಿದೆಯೆಂದರೆ, ಅದೇ ಲಸಿಕೆ ಎಲ್ಲಕ್ಕೂ ಸಾಕು. ಲಸಿಕೆ ರಕ್ಷಣೆ ಕೊಡದಿರುವುದು ಆಫ್ರಿಕದ ಮೊಕೊಲಾದಂಥ ದೂರದ ದಾಯಾದಿ ವೈರಸ್‌ಗಳ ಎದುರು. ಅವು ಬೇರೆಯೇ ಪ್ರಭೇದಗಳು.

ಇನ್ನೊಂದು ತಪ್ಪು ತೀರ್ಮಾನವೂ ಇದೆ: ಕಾಡುಪ್ರಾಣಿಗಳಲ್ಲೂ ರೇಬೀಸ್ ಇದೆ, ಹಾಗಿರುವಾಗ ನಾಯಿಗಳಿಗೆ ಲಸಿಕೆ ಹಾಕಿ ಏನು ಫಲ? ತಾಂಜಾನಿಯದ ಸೆರೆಂಗೆಟಿಯ ಸುತ್ತ 2008ರಲ್ಲಿ ಪ್ರಕಟವಾದ ಅಧ್ಯಯನ ಇದಕ್ಕೆ ಉತ್ತರ ಕೊಟ್ಟಿದೆ. ಅಲ್ಲಿ ಹಲವು ಕಾಡುಪ್ರಾಣಿಗಳು ರೇಬೀಸ್‌ನಿಂದ ಸಾಯುತ್ತಿದ್ದವು, ಆದರೆ ಅವುಗಳಲ್ಲಿದ್ದದ್ದು ನಾಯಿಗಳ ವೈರಸ್ ವಂಶವೇ. ಪ್ರತ್ಯೇಕವಾದ ಕಾಡು ಸರಪಳಿಗೆ ಪುರಾವೆ ಸಿಗಲಿಲ್ಲ. ನಿಮ್ಮ ವಿದ್ಯಾರ್ಥಿಗಳಿಗೆ ಆ ವಂಶವೃಕ್ಷದ ಚಿತ್ರವನ್ನು ಕರಿಹಲಗೆಯ ಮೇಲೆ ಬರೆದು ತೋರಿಸಿ. ನಾಯಿಯ ಕೊಂಬೆಯ ನಡುವೆ ಅಲ್ಲೊಂದು ಇಲ್ಲೊಂದು ಕಾಡುಪ್ರಾಣಿಯ ಎಲೆ ಕಂಡರೆ ಏನರ್ಥ, ಕಾಡುಪ್ರಾಣಿಗಳದ್ದೇ ಒಂದು ಕೊಂಬೆ ಕವಲೊಡೆದಿದ್ದರೆ ಏನರ್ಥ ಎಂದು ಕೇಳಿ. ಲಸಿಕೆಯನ್ನು ಯಾವ ಪ್ರಾಣಿಗೆ ಹಾಕಬೇಕು ಎಂದು ಅವರೇ ಹೇಳುತ್ತಾರೆ.