ಆತಕೂರಿನ ಶಿಲೆಯೂ ಮಳವಳ್ಳಿಯ ಗಾಯನವೂ: ಸ್ಥಳಚರಿತ್ರೆಯ ಆಕರಗಳ ವಿಮರ್ಶೆ

ದೇಶದ ಚರಿತ್ರೆಯು ರಾಜರ ದಿಗ್ವಿಜಯಗಳಿಂದಲೇ ಪೂರ್ಣವಾಗಲಾರದು. ಊರಿನ ಚರಿತ್ರೆಯೂ ಮನೆತನದ ಚರಿತ್ರೆಯೂ ಅದಕ್ಕೆ ಅಂಗಗಳೆಂಬುದನ್ನು ವಿದ್ವಾಂಸರು ಅಲ್ಲಗಳೆಯರು. ಆದರೆ ಇಂತಹ ಚರಿತ್ರೆಗೆ ಒದಗುವ ಸಾಧನಗಳು ಏಕಜಾತೀಯವಾದುವಲ್ಲ. ಶಿಲೆ, ಓಲೆ, ಕಡತಗಳು ಲಿಖಿತಗಳು. ಹಾಡು, ವಂಶಾವಳಿಗಳು ವಾಚಿಕಗಳು. ಹಳೆಯ ಬಟ್ಟೆಯ ತುಂಡುಗಳನ್ನು ಸೇರಿಸಿ ಹೊಲಿದ ಕೌದಿಯಂತಹವು ಈ ಎರಡರಲ್ಲಿಯೂ ಸೇರವು. ಇವೆಲ್ಲವನ್ನೂ ಒಂದೇ ಅಳತೆಗೋಲಿನಿಂದ ಅಳೆದರೆ ಆಗುವ ಹಾನಿಯೇನೆಂಬುದನ್ನು ಮಂಡ್ಯ, ಮದ್ದೂರು, ಮಳವಳ್ಳಿಗಳ ಸೀಮೆಯ ಉದಾಹರಣೆಗಳಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮೊದಲು ಆತಕೂರಿನ ಶಾಸನವನ್ನು ತೆಗೆದುಕೊಳ್ಳೋಣ. ಶಕ 872ನೆಯ ಸೌಮ್ಯ ಸಂವತ್ಸರದ, ಎಂದರೆ ಕ್ರಿ.ಶ. 949-50ರ ಈ ಶಿಲೆಯನ್ನು ಚರಿತ್ರಕಾರರು ಬಲ್ಲರು. ರಾಷ್ಟ್ರಕೂಟ ಮೂರನೆಯ ಕೃಷ್ಣನು ತಕ್ಕೋಲದಲ್ಲಿ ಚೋಳ ರಾಜಾದಿತ್ಯನೊಡನೆ ಕಾದಿದುದಕ್ಕೂ, ಆ ಯುದ್ಧದಲ್ಲಿ ಗಂಗ ಬೂತುಗನು ರಾಜಾದಿತ್ಯನನ್ನು ಕೊಂದುದಕ್ಕೂ ಇದು ಮುಖ್ಯ ಪ್ರಮಾಣ. ಆದರೆ ಶಿಲೆಯು ನಿಂತುದು ಈ ಯುದ್ಧಕ್ಕಾಗಿ ಅಲ್ಲ. ಬೂತುಗನ ಸೇವಕನಾದ ಮಣಲೇರನು ತನ್ನ ಶೌರ್ಯಕ್ಕೆ ಮೆಚ್ಚಿದ ಒಡೆಯನಿಂದ ಕಾಳಿಯೆಂಬ ನಾಯಿಯನ್ನು ಬೇಡಿ ಪಡೆದನು. ಆ ನಾಯಿಯು ದೊಡ್ಡ ಹಂದಿಯೊಂದರೊಡನೆ ಹೋರಾಡಿತು; ಎರಡೂ ಸತ್ತವು. ಅದರ ನೆನಪಿಗೆ ಚಲ್ಲೇಶ್ವರನ ಮುಂದೆ ಕಲ್ಲು ನಿಂತಿತು, ಭೂಮಿ ದತ್ತವಾಯಿತು. ನಾಯಿಹಂದಿಗಳ ಕಾಳಗವನ್ನು ಶಿಲೆಯ ಮೇಲೆಯೇ ಕಂಡರಿಸಿರುವುದು.

ಹೀಗಿರಲು ನಮ್ಮ ಪಠ್ಯಗಳಲ್ಲಿ ತಕ್ಕೋಲವು ಚರಿತ್ರೆಯೆಂದೂ ಕಾಳಿಯ ಕಥೆಯು ವಿನೋದವೆಂದೂ ವಿಭಾಗವಾಗಿರುವುದು ಸಾಧುವಲ್ಲ. ಶಾಸನದ ತಾತ್ಪರ್ಯವನ್ನು ನಿರ್ಣಯಿಸುವಾಗ ಉಪಕ್ರಮ ಉಪಸಂಹಾರಗಳೆರಡನ್ನೂ ನೋಡಬೇಕೆಂಬುದು ಮೀಮಾಂಸಕರ ಮರ್ಯಾದೆ. ಇಲ್ಲಿ ಅರಸನ ವಿಜಯವು ಕಾಲನಿರ್ದೇಶಕ್ಕೂ ಗೌರವಕ್ಕೂ ಬಂದ ಅಂಗ. ಊರಿನ ನೆನಪೇ ಅಂಗಿ.

ಇದೇ ಶಿಲೆಯು ಮತ್ತೊಂದು ಪಾಠವನ್ನೂ ಕಲಿಸುವುದು. ರಾಜಾದಿತ್ಯನ ವಧೆಯನ್ನು ಹೇಳುವ ಸಾಲಿನಲ್ಲಿ ಬರುವ ‘ಬಿಸುಗೆ’ ಎಂಬ ಶಬ್ದವನ್ನು ಸರಿಯಾಗಿ ಗ್ರಹಿಸದೆ, ಬೂತುಗನು ವಂಚನೆಯಿಂದ ಕೊಂದನೆಂದು ಹಿಂದೆ ಅರ್ಥಮಾಡಿದುದುಂಟು. ಬಿಸುಗೆಯೆಂದರೆ ಆನೆಯ ಮೇಲಿನ ಪೀಠ. ಅದನ್ನೇ ರಣರಂಗವಾಗಿ ಮಾಡಿಕೊಂಡು ಇರಿದನೆಂಬುದು ಯುಕ್ತವಾದ ಅರ್ಥ. ರಾಜಾದಿತ್ಯನು ಆನೆಯ ಮೇಲಿದ್ದು ಮಡಿದನೆಂದು ಚೋಳರ ಲೈಡನ್ ತಾಮ್ರಶಾಸನವೂ ಹೇಳುವುದರಿಂದ ಇದು ಬಲಪಡುವುದು. ಒಂದು ಶಬ್ದದ ಅಪಾರ್ಥವು ವೀರನೊಬ್ಬನನ್ನು ವಂಚಕನನ್ನಾಗಿ ಮಾಡಿತು. ಲಿಖಿತವಾದ ಮಾತ್ರಕ್ಕೆ ಸಾಧನವು ಸ್ವತಃಪ್ರಮಾಣವಾಗದು; ಓದುವವನ ವ್ಯುತ್ಪತ್ತಿಯೂ ಬೇಕು.

ಆಕರಗಳನ್ನು ಹುಡುಕುವಲ್ಲಿಯೂ ಎಚ್ಚರವು ಅವಶ್ಯಕ. ರೈಸ್ ಮಹಾಶಯರು 1894ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಮೂರನೆಯ ಸಂಪುಟದಲ್ಲಿ ಈ ಶಾಸನವು ಮಂಡ್ಯ ತಾಲ್ಲೂಕಿನ 41ನೆಯದು. ಊರು ಈಗ ಮದ್ದೂರು ತಾಲ್ಲೂಕಿನದು. ಮಂಡ್ಯ ಜಿಲ್ಲೆಯಾದುದೇ 1939ರಲ್ಲಿ. ಹಾಗೆಯೇ ಪ್ರಸಿದ್ಧವಾದ ಮಳವಳ್ಳಿಯ ಸ್ತಂಭಶಾಸನವು ಶಿಕಾರಿಪುರ ತಾಲ್ಲೂಕಿನ ಮಳವಳ್ಳಿಯದೇ ಹೊರತು ಈ ಸೀಮೆಯದಲ್ಲ. ಹೆಸರಿನ ಸಾಮ್ಯದಿಂದ ಪರರ ಪ್ರಾಚೀನತೆಯನ್ನು ತಮ್ಮದೆನ್ನುವುದು ಸ್ಥಳಾಭಿಮಾನವೇ ಹೊರತು ಸ್ಥಳಚರಿತ್ರೆಯಲ್ಲ.

ಇನ್ನು ವಾಚಿಕದ ಮಾತು. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರವು ಮಂಟೇಸ್ವಾಮಿಯ ಪರಂಪರೆಯ ಕ್ಷೇತ್ರ. ಆತನ ಕಥೆಯನ್ನು ನೀಲಗಾರರು ತಂಬೂರಿಯೊಡನೆ ರಾತ್ರಿಯಿಡೀ ಹಾಡುವರು. ಸಿದ್ಧಪ್ಪಾಜಿಯು ಕಬ್ಬಿಣದ ಭಿಕ್ಷಕ್ಕೆ ಹಲಗೂರಿನ ಪಾಂಚಾಳರ ಬಳಿಗೆ ಹೋದ ಭಾಗವು ಅದರಲ್ಲಿ ಪ್ರಸಿದ್ಧವಾದುದು. ಇಸವಿಯನ್ನು ಹುಡುಕುವವನಿಗೆ ಈ ಹಾಡು ಏನನ್ನೂ ಕೊಡದು. ಆದರೆ ಹಲಗೂರಿನಲ್ಲಿ ಕಮ್ಮಾರಿಕೆಗಿದ್ದ ಪ್ರತಿಷ್ಠೆ, ಕಬ್ಬಿಣದ ಒಡೆತನದಿಂದ ಬಂದ ಗರ್ವ, ಬೇಡಲು ಬಂದವನಿಗೂ ಕೊಡಬೇಕಾದವನಿಗೂ ನಡೆದ ಘರ್ಷಣೆ, ಇವನ್ನು ಜನರು ಹೇಗೆ ನೆನೆದರೆಂಬುದಕ್ಕೆ ಇದಕ್ಕಿಂತ ಪುಷ್ಟವಾದ ಸಾಕ್ಷ್ಯವು ದುರ್ಲಭ. ಘಟನೆಗೆ ಪ್ರಮಾಣವಾಗದುದು ಭಾವಕ್ಕೆ ಪ್ರಮಾಣವಾದೀತು.

ಮನೆತನಗಳ ವಿಷಯದಲ್ಲಿ ಹೆಳವರ ವೃತ್ತಿಯು ಗಮನಾರ್ಹವಾದುದು. ಎತ್ತಿನ ಮೇಲೆ ಬಂದು, ಗಂಟೆ ಬಾರಿಸಿ, ಒಕ್ಕಲುಮನೆಯ ಮುಂದೆ ಅದರ ವಂಶವನ್ನು ಹೇಳಿ, ಹೊಸದಾಗಿ ಹುಟ್ಟಿದವರ ಹೆಸರನ್ನು ಸೇರಿಸಿಕೊಂಡು ಧಾನ್ಯ ಪಡೆಯುವ ಹೆಳವನು ನಡೆದಾಡುವ ಭಂಡಾರವೇ ಸರಿ. ದಾನದ ಆಸೆಯಿಂದ ಹೊಗಳಿಕೆಯು ಸೇರಬಹುದು. ಹೆಣ್ಣುಮಕ್ಕಳ ಹೆಸರು ಬಿಡಬಹುದು. ಅಂತಹ ಲೋಪವನ್ನು ತುಂಬುವುದಕ್ಕೆ ಮನೆಯ ಮುದುಕಿಯರನ್ನು ಕೇಳಬೇಕು. ಕನ್ನಡನಾಡಿನ ಉತ್ತರಭಾಗದ ಕೌದಿ, ಉತ್ತರಕನ್ನಡದ ಸಿದ್ದಿ ಸ್ತ್ರೀಯರ ಕವಂದಿ, ಸಂಸ್ಕೃತದ ಕಂಥೆ, ಇವೆಲ್ಲವೂ ಉಟ್ಟು ಸವೆದ ಬಟ್ಟೆಯ ತುಂಡುಗಳೇ. ಯಾವ ತುಂಡು ಯಾರ ಸೀರೆಯದೆಂದು ಹೊಲಿದವಳು ಹೇಳುವವರೆಗೆ ಅದು ಹೊದಿಕೆ. ಹೇಳಿದ ಮೇಲೆ ವಂಶಚರಿತ್ರೆ.

ಇದರಿಂದ ಸಿದ್ಧವಾಗುವುದಿಷ್ಟು: ವಸ್ತುವನ್ನು ಕಾಪಾಡಿದ ಮಾತ್ರಕ್ಕೆ ನೆನಪನ್ನು ಕಾಪಾಡಿದಂತಾಗದು. ಆತಕೂರಿನ ಶಾಸನಕರ್ತನು ಇದನ್ನು ಬಲ್ಲನು. ಆ ಗುಡಿಯ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ ಪಾಪವೆಂದು ವಿಧಿಸಿ, ಶಿಲೆಯೊಡನೆ ಅದನ್ನು ನೆನೆಯುವವನನ್ನೂ ನೇಮಿಸಿದನು. ಈಗ ಶಿಲೆಯು ಬೆಂಗಳೂರಿನ ಸರ್ಕಾರೀ ವಸ್ತುಸಂಗ್ರಹಾಲಯದಲ್ಲಿ ಸುರಕ್ಷಿತವಾಗಿದೆ, ಗೊರವನಿಲ್ಲ. ಆ ಸ್ಥಾನವು ಉಪಾಧ್ಯಾಯರಿಗೆ ಸಲ್ಲತಕ್ಕುದು. ಅವರು ತಮ್ಮ ಊರಿನ ಶಾಸನದ ಪಾಠವನ್ನು ಮಕ್ಕಳಿಂದ ಓದಿಸಲಿ. ಹಾಡನ್ನೂ ಹೇಳಿಕೆಯನ್ನೂ ಹೇಳಿದವರ ಮಾತಿನಲ್ಲಿಯೇ, ಊರು ದಿನಗಳ ಸಹಿತ, ಪಾಠಾಂತರಗಳನ್ನು ತಿದ್ದದೆ ಬರೆದಿಡಲಿ. ಶಿಲೆಯು ಸಾವಿರ ವರ್ಷ ಕಾಯಬಲ್ಲುದು. ಮನುಷ್ಯರ ಕಂಠವು ಕಾಯದು.