ಯುಗಾದಿಯ ಬೇವಿನ ಗಡಿಗೆ

ಗೊರೇಬಾಳ, ಸಿಂಧನೂರು ಸೀಮೆಯಲ್ಲಿ ಯುಗಾದಿಯ ಬೇವನ್ನು ಚಿಟಿಕೆಯಷ್ಟು ಬಾಯಿಗೆ ಹಾಕಿಕೊಂಡು ಮುಗಿಸುವುದಿಲ್ಲ. ಗಡಿಗೆ ತುಂಬ ಮಾಡಿ ಲೋಟದಲ್ಲಿ ಕುಡಿಯುತ್ತಾರೆ. ಇದರೆದುರು ಮೈಸೂರು ಕಡೆಯ ಬೇವು-ಬೆಲ್ಲ ಬರೀ ಶಾಸ್ತ್ರ ಅನ್ನಿಸಿಬಿಡುತ್ತದೆ.

ಹೊಸ ಮಣ್ಣಿನ ಗಡಿಗೆ, ಹುಣಸೆ ರಸ, ಸೋಸಿದ ಬೆಲ್ಲದ ನೀರು. ಅದಕ್ಕೆ ಹೆರೆದ ಮಾವಿನಕಾಯಿ, ಪುಟಾಣಿ ಹಿಟ್ಟು, ಗಸಗಸೆ, ಒಣಕೊಬ್ಬರಿ, ಉತ್ತತ್ತಿ, ದ್ರಾಕ್ಷಿ, ಗೋಡಂಬಿ. ಬೇವಿನ ಹೂವು ಕೊನೆಗೆ. ಹೂವನ್ನು ಅಂಗೈಯಲ್ಲಿ ಹಗುರಾಗಿ ತಿಕ್ಕಿ, ಊದಿ, ಕಡ್ಡಿ ತೆಗೆಯಬೇಕು. ಉಳಿದರೆ ಗಂಟಲಿಗೆ ಸಿಕ್ಕುತ್ತದೆ.

ಪೇಟೆಯ ಬಾರುಗಳಲ್ಲಿ ಸಕ್ಕರೆ ಹೆಚ್ಚಿರುವ ಮದ್ಯ ಕೆಳಗೆ, ಹಗುರಾದದ್ದು ಮೇಲೆ ನಿಲ್ಲುವಂತೆ ಚಮಚದ ಬೆನ್ನ ಮೇಲೆ ಸುರಿದು ಪದರ ಕಟ್ಟುತ್ತಾರೆ. ಬೇವಿನ ಗಡಿಗೆಯಲ್ಲಿ ಪದರ ತಾನಾಗಿಯೇ ಆಗುತ್ತದೆ: ಹಿಟ್ಟು, ಗಸಗಸೆ ತಳಕ್ಕೆ, ಹೂವು ಮೇಲಕ್ಕೆ. ಬಡಿಸುವವರ ಜಾಣತನವೆಲ್ಲ ಅದನ್ನು ಕದಡುವುದರಲ್ಲಿ. ಸೌಟು ತಳ ಮುಟ್ಟಿಯೇ ಮೇಲೇಳಬೇಕು. ಆಗ ಮೊದಲು ಹುಳಿ, ಹಿಂದೆಯೇ ಸಿಹಿ, ನುಂಗಿದ ಮೇಲೆ ಸಣ್ಣಗೆ ಕಹಿ. ಗಡಿಗೆಯ ತಂಪು ಬೇರೆ!

ರಾಯಚೂರು ಜಿಲ್ಲೆಯ ಚೈತ್ರದ ಬಿಸಿಲಿಗೆ ಇದಕ್ಕಿಂತ ಒಳ್ಳೆಯ ಪಾನಕವಿಲ್ಲ. ಹಬ್ಬಕ್ಕೆ ಈ ಕಡೆ ಬಂದರೆ, ಹೋಳಿಗೆಗೆ ಮೊದಲು ಒಂದು ಲೋಟ ಬೇವು ಕೇಳಿ ಕುಡಿಯಿರಿ.